ಜೂನ್ ಒಂದನೇ ತಾರೀಕಿಗೆ ಚಡ್ಡಿ ಒಣಗಿರಬೇಕು ಅಂದ್ರೆ ಹೇಗೆ ಸ್ವಾಮಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುಟದಲ್ಲಿ ಮಕ್ಕಳ ಡಾಕ್ಟರೊಬ್ರು ಎರಡು ವರ್ಷ ಆಗೋ ತನಕ ಮಗುಗೆ ಟಾಯ್ಲೆಟ್ ಟ್ರೇನಿಂಗ್ ಅಂತ ಅವಸರ ಮಾಡ್ಬೇಡಿ ಅಂತ ಬರೆದ್ರು. ಮುಂದಿನ ವಾರಾನೇ ಓದುಗರ ಓಲೆಯಲ್ಲಿ ಹಿರಿಯರೊಬ್ರು, ನಮ್ಮ ಕಾಲದಲ್ಲಿ ಮೊದಲನೇ ಹುಟ್ಟುಹಬ್ಬದ ಹೊತ್ತಿಗೆಲ್ಲ ಮಕ್ಕಳು ಕಲ್ತುಬಿಡ್ತಿದ್ವು, ಈಗಿನ ತಾಯಂದಿರಿಗೆ ಸೋಮಾರಿತನ, ಡೈಪರ್ ಹಾಕಿ ಮೊಬೈಲ್ ಹಿಡ್ಕೊಂಡು ಕೂತ್ಕೋತಾರೆ ಅಂತ ಉತ್ತರ ಕೊಟ್ರು. ಎರಡನ್ನೂ ಓದಿ ಸುಮ್ನಿರೋಣ ಅಂತಾನೇ ಇದ್ದೆ, ಆದ್ರೆ ನಾನು ಶಿವಮೊಗ್ಗದಲ್ಲಿ ಮನೆಯ ಕೆಳಗಿನ ಪೋರ್ಷನ್‌ನಲ್ಲಿ ಒಂದು ಸಣ್ಣ ಡೇ ಕೇರ್ ನಡೆಸೋಳು, ದಿನಾ ಬೆಳಗಾದ್ರೆ ಇದೇ ಕೆಲಸ, ಚಡ್ಡಿ ಬದಲಾಯಿಸೋದು, ನೆಲ ಒರೆಸೋದು, ಅಮ್ಮಂದಿರನ್ನ ಸಮಾಧಾನ ಮಾಡೋದು. ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಕ್ಷಮಿಸಿ.

ನನ್ನ ಪ್ರಕಾರ ಡಾಕ್ಟರು ಹೇಳಿದ್ದೂ ಸರಿ, ಆ ಹಿರಿಯರು ಹೇಳಿದ್ದೂ ಅರ್ಧ ಸರಿ, ಯಾಕಂದ್ರೆ ಇಬ್ಬರೂ ಬೇರೆ ಬೇರೆ ಕೆಲಸದ ಬಗ್ಗೆ ಮಾತಾಡ್ತಿದಾರೆ. ಮುಂಚೆ ಮನೇಲಿ ಏನ್ ಮಾಡ್ತಿದ್ರು ನೆನಪು ಮಾಡ್ಕೊಳಿ. ಬಚ್ಚಲಲ್ಲೋ ಹಿತ್ತಲಲ್ಲೋ ಅಜ್ಜಿ ಮಣೆ ಮೇಲೆ ಕೂತು ಎರಡು ಪಾದ ಸ್ವಲ್ಪ ಅಗಲ ಮಾಡಿ ಮುಂದೆ ಇಟ್ಕೋತಿದ್ರು, ಮಗುನ ಆ ಪಾದಗಳ ಮೇಲೆ ಕೂರಿಸೋರು, ಮಗುವಿನ ಬೆನ್ನು ಅಜ್ಜಿ ಮೊಣಕಾಲಿಗೆ ಆತ್ಕೊಂಡಿರೋದು, ಎರಡೂ ಕೈ ಅಜ್ಜಿ ಹಿಡ್ಕೊಂಡಿರೋರು, ಆಮೇಲೆ ಸ್ಸ್ಸ್ ಅಂತ ಒಂದೇ ಸಮ ಶಬ್ದ. ಕುತ್ತಿಗೆ ನಿಂತ ಮಗುಗೆ ಅದಕ್ಕಿಂತ ಒಳ್ಳೆ ಸೀಟು ಯಾವ ಕಂಪನಿಯೂ ಮಾಡಿಲ್ಲ, ಬೆಚ್ಚಗಿರತ್ತೆ, ಬೀಳೋ ಭಯ ಇಲ್ಲ, ಕುಕ್ಕರಗಾಲಲ್ಲಿ ಕೂತಂಗಿರೋದ್ರಿಂದ ಹೊಟ್ಟೆ ಮೇಲೂ ಹದವಾಗಿ ಒತ್ತಡ ಬೀಳತ್ತೆ. ಬೆಳಿಗ್ಗೆ ಎದ್ದ ತಕ್ಷಣ ಒಂದ್ಸಲ, ಹಾಲು ಕುಡಿದು ಸ್ವಲ್ಪ ಹೊತ್ತಿಗೆ ಒಂದ್ಸಲ, ನಿದ್ದೆಯಿಂದ ಎದ್ದಾಗ ಒಂದ್ಸಲ. ಹೊಟ್ಟೆಗೆ ಏನಾದ್ರೂ ಬಿದ್ದಾಗ ದೊಡ್ಡ ಕರುಳು ತಾನಾಗೇ ಅಲುಗಾಡೋಕೆ ಶುರು ಮಾಡತ್ತೆ, ಡಾಕ್ಟರ್‌ಗಳೂ ಇದನ್ನೇ ಹೇಳೋದು, ಅಜ್ಜಿಗೆ ಅದರ ಹೆಸರು ಗೊತ್ತಿರಲಿಲ್ಲ ಅಷ್ಟೇ, ಟೈಮು ಗೊತ್ತಿತ್ತು.

ಆದ್ರೆ ಇಲ್ಲಿ ಕಲ್ತಿದ್ದು ಯಾರು ಹೇಳಿ? ಎಂಟು ತಿಂಗಳ ಮಗು ತಾನೇ ಎದ್ದು ಚಡ್ಡಿ ಬಿಚ್ಚಿ ಬಚ್ಚಲಿಗೆ ಹೋಗ್ತಿತ್ತಾ? ಇಲ್ಲ. ಟೈಮಿಗೆ ಸರಿಯಾಗಿ ಎತ್ಕೊಂಡು ಹೋಗ್ತಿದ್ದಿದ್ದು ಅಜ್ಜಿ. ಮಗುಗೂ ಆ ಸ್ಸ್ಸ್ ಶಬ್ದಕ್ಕೂ ಆ ಜಾಗಕ್ಕೂ ಒಂದು ನಂಟು ಬೆಳೀತಿತ್ತು ನಿಜ, ಅದು ದೊಡ್ಡ ವಿಷಯಾನೇ, ಅದನ್ನ ತಳ್ಳಿಹಾಕೋಕೆ ನಾನು ತಯಾರಿಲ್ಲ. ಸ್ವೀಡನ್ ದೇಶದವರು ಸೇರ್ಕೊಂಡು ವಿಯೆಟ್ನಾಂನಲ್ಲಿ ಒಂದು ಅಧ್ಯಯನ ಮಾಡಿ 2013ರಲ್ಲಿ ಪ್ರಕಟ ಮಾಡಿದ್ದಾರೆ, ಅಲ್ಲಿನ ತಾಯಂದಿರು ನಮ್ಮೋರ ಥರಾನೇ ಪುಟ್ಟ ಮಗುವಿದ್ದಾಗಲೇ ಹಿಡಿದು ಕೂರಿಸಿ ಸಿಳ್ಳೆ ಥರ ಶಬ್ದ ಮಾಡ್ತಾರಂತೆ, ಎರಡು ವರ್ಷದ ಹೊತ್ತಿಗೆ ಆ ಮಕ್ಕಳು ಹಗಲು ಹೊತ್ತು ಚೆನ್ನಾಗಿ ಕಲ್ತಿದ್ವು, ಮೂತ್ರಕೋಶ ಪೂರ್ತಿ ಖಾಲಿ ಮಾಡೋ ಅಭ್ಯಾಸಾನೂ ಬಂದಿತ್ತು ಅಂತ. ಅಂದ್ರೆ ಬೇಗ ಕೂರಿಸಿದ್ರೆ ಮಗು ಕೆಟ್ಟುಹೋಗಲ್ಲ. ಆದ್ರೆ ಅದಕ್ಕೆ ದಿನವಿಡೀ ಮಗುವಿನ ಮುಖ ನೋಡ್ತಾ ಕೂರೋ ಒಬ್ಬರು ಬೇಕು. ಹೊಟ್ಟೆ ಬಿಗಿ ಹಿಡಿದಾಗ, ಆಡ್ತಾ ಆಡ್ತಾ ಥಟ್ಟಂತ ಸುಮ್ಮನಾದಾಗ, ಮೈ ಒಂದು ಸಣ್ಣ ಜುಮ್ಮಂದಾಗ ಗುರುತು ಹಿಡಿಯೋರು. ಒಂದು ರೂಮು ಬಾಡಿಗೆಗೆ ಹಿಡಿದು ಗಂಡ ಹೆಂಡ್ತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೇ ಬಸ್ಸು ಹಿಡಿಯೋ ಮನೇಲಿ ಅದು ಯಾರು? ಸೋಮಾರಿತನ ಅಂತ ಬರೆದ ಹಿರಿಯರು ಇದನ್ನ ಸ್ವಲ್ಪ ಯೋಚ್ನೆ ಮಾಡ್ಬೇಕಿತ್ತು. ಅವರ ಮನೇಲಿ ಕೂರಿಸಿದ್ದು ಅವರೋ ಅವರ ಹೆಂಡ್ತಿಯೋ ಅಂತ ಕೇಳೋ ಆಸೆ ನಂಗೆ, ಇರಲಿ ಬಿಡಿ.

ಇನ್ನು ಡಾಕ್ಟರ ಮಾತಿಗೆ ಬರೋಣ. ಮಗು ತಯಾರಾಗೋ ತನಕ ಕಾಯಿರಿ ಅನ್ನೋ ಮಾತು ನಮ್ಮಲ್ಲಿಗೆ ಬಂದಿದ್ದು ಅಮೆರಿಕದಿಂದ, ಅಲ್ಲಿ ಅದಕ್ಕೆ ಕಾರಣಾನೂ ಇತ್ತು. 1930ರ ದಶಕದಲ್ಲಿ ಅಲ್ಲಿನ ಸರ್ಕಾರವೇ ತಾಯಂದಿರಿಗೆ ಹಂಚ್ತಿದ್ದ ಸಲಹೆಯಲ್ಲಿ ಕೂಸಿದ್ದಾಗಿಂದಲೇ ಗಡಿಯಾರ ನೋಡ್ಕೊಂಡು ಕೂರಿಸಿ, ಬರದಿದ್ರೆ ಮಲದ್ವಾರದಲ್ಲಿ ಸೋಪಿನ ತುಂಡು ಇಡಿ ಅಂತೆಲ್ಲ ಇತ್ತು. ನಮ್ಮಲ್ಲೂ ಹರಳೆಣ್ಣೆ ಅದ್ದಿದ ವೀಳ್ಯದೆಲೆ ತೊಟ್ಟು ಇಡೋರು ಇನ್ನೂ ಇದಾರೆ, ದಯವಿಟ್ಟು ಬೇಡ, ಪುಟ್ಟ ಮಗು ಅದು. ಆ ಬಲವಂತದಿಂದ ಮಕ್ಕಳು ಹೆದರಿ ತಡ್ಕೊಳ್ಳೋದು ನೋಡಿ ಬ್ರೆಜಲ್ಟನ್ ಅನ್ನೋ ಮಕ್ಕಳ ಡಾಕ್ಟರು ತಮ್ಮ ಹತ್ರ ಬರ್ತಿದ್ದ 1,170 ಮಕ್ಕಳ ಲೆಕ್ಕ ಇಟ್ಕೊಂಡು 1962ರಲ್ಲಿ ಒಂದು ಲೇಖನ ಬರೆದ್ರು, ಮಗುವಿನ ಇಷ್ಟ ನೋಡ್ಕೊಂಡು ನಿಧಾನಕ್ಕೆ ಕಲಿಸಿದ್ರೆ ಹಗಲು ಹೊತ್ತಿನದು ಸರಾಸರಿ ಇಪ್ಪತ್ತೆಂಟೂವರೆ ತಿಂಗಳಿಗೆ ಆಗತ್ತೆ ಅಂತ. ಅಂದ್ರೆ ಎರಡು ವರ್ಷ ನಾಲ್ಕೂವರೆ ತಿಂಗಳು. ಗಮನಿಸಿ, ಕಾಯಿರಿ ಅಂದ ಡಾಕ್ಟರ ಹತ್ರ ಬಂದ ಮಕ್ಕಳೂ ಸರಾಸರಿ ಮೂರು ವರ್ಷಕ್ಕೆ ಮುಂಚೇನೇ ಕಲ್ತಿದ್ವು. ಅದಕ್ಕೆ ಒಂದು ವರ್ಷ ಮುಂಚೆ 1961ರಲ್ಲಿ ಪ್ಯಾಂಪರ್ಸ್ ಮಾರ್ಕೆಟ್ಟಿಗೆ ಬಂದಿತ್ತು. ಆಮೇಲೆ ಡೈಪರ್ ಒಳ್ಳೊಳ್ಳೇದು ಬರ್ತಾ ಹೋಯ್ತು, ಮಗುಗೆ ಒದ್ದೆ ಅನ್ಸೋದೇ ನಿಂತೋಯ್ತು, ಕಾಯೋದು ಉದ್ದ ಆಗ್ತಾ ಹೋಯ್ತು. 1998ರಲ್ಲಿ ಪ್ಯಾಂಪರ್ಸ್‌ನವರು ದೊಡ್ಡ ಮಕ್ಕಳಿಗೆ ಅಂತ ಆರನೇ ಸೈಜ್ ಡೈಪರ್ ತಂದಾಗ ಅದರ ಜಾಹೀರಾತಲ್ಲಿ ಕಾಣಿಸ್ಕೊಂಡಿದ್ದೂ ಇದೇ ಬ್ರೆಜಲ್ಟನ್ನೇ, ಅಲ್ಲೇ ಅದು ಚರ್ಚೆಗೆ ಬಂತು. ಅವರು ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ಅವರ ಮೂಲ ಮಾತು ನಂಗೆ ಇವತ್ತಿಗೂ ಸರಿ ಅನ್ಸತ್ತೆ. ಆದ್ರೆ ಕಾಯಿರಿ ಅನ್ನೋ ಮಾತಿಂದ ಯಾರಿಗೆ ವ್ಯಾಪಾರ ಆಗತ್ತೆ ಅಂತಾನೂ ನಾವು ನೋಡ್ಬೇಕಲ್ವಾ.

ಹಾಗಾದ್ರೆ ಯಾವಾಗ ಶುರು ಮಾಡೋದು ಅಂತ ನಮ್ಮ ಡೇ ಕೇರ್‌ಗೆ ಬರೋ ಪ್ರತಿ ಅಮ್ಮಾನೂ ಕೇಳ್ತಾಳೆ. ನಾನು ಹೇಳೋದು ಇಷ್ಟೇ, ಕೂರಿಸೋದು ಬೇಗ ಶುರು ಮಾಡಿ, ಅದು ತಾನೇ ಹೋಗ್ಬೇಕು ಅಂತ ಆಸೆ ಪಡೋದು ಲೇಟಾಗಿ ಶುರು ಮಾಡಿ. ಮಗು ಕೂರೋಕೆ ಬಂದ್ಮೇಲೆ ದಿನಕ್ಕೆ ಒಂದೆರಡು ಸಲ, ಬೆಳಿಗ್ಗೆ ಎದ್ದಾಗ, ತಿಂಡಿ ಆದ್ಮೇಲೆ ಕೂರಿಸಿ, ಎರಡು ನಿಮಿಷ, ಬಂದ್ರೆ ಬಂತು ಇಲ್ಲಾಂದ್ರೆ ಎತ್ಕೊಂಡು ಬನ್ನಿ, ಮುಖ ಸಿಂಡರಿಸ್ಬೇಡಿ. ನಿಜವಾದ ಕಲಿಕೆ ಅನ್ನೋದು ಒಂದೂವರೆ ವರ್ಷದಿಂದ ಎರಡೂವರೆ ವರ್ಷದ ಒಳಗೆ ಯಾವಾಗಲೋ ಶುರುವಾಗತ್ತೆ, ಹೆಣ್ಣುಮಕ್ಕಳು ಸಾಮಾನ್ಯವಾಗಿ ಕೆಲವು ತಿಂಗಳು ಮುಂದಿರ್ತವೆ, ಅದಕ್ಕೆ ಅಕ್ಕ ಬೇಗ ಕಲ್ತಳು ತಮ್ಮ ದಡ್ಡ ಅನ್ನೋದೆಲ್ಲ ಬೇಡ. ಗುರುತುಗಳು ಬೇಕಾದಷ್ಟಿವೆ, ಮಗು ಎರಡು ಗಂಟೆ ಒಣಗಿರತ್ತೆ, ಮಧ್ಯಾಹ್ನ ನಿದ್ದೆ ಮಾಡಿ ಎದ್ದಾಗ ಚಡ್ಡಿ ಒದ್ದೆ ಆಗಿರಲ್ಲ, ಆ ಬಾಲ್ ತಗೊಂಡ್ಬಾ ಅಂದ್ರೆ ತರತ್ತೆ, ಚಡ್ಡಿ ಕೆಳಗೆ ಎಳಿಯೋಕೆ ನೋಡತ್ತೆ, ಒದ್ದೆ ಆದ್ರೆ ಬಂದು ತೋರಿಸತ್ತೆ. ಇನ್ನೊಂದು ಬಹಳ ಜನ ಗಮನಿಸಲ್ಲ, ಎರಡಕ್ಕೆ ಬಂದಾಗ ಕೆಲವು ಮಕ್ಕಳು ಅಡಗಿಕೊಳ್ತವೆ. ನಮ್ಮಲ್ಲೊಬ್ಬ ಹುಡುಗ ಇದ್ದ, ಕಿಟಕಿ ಕರ್ಟನ್ ಹಿಂದೆ ಹೋಗಿ ನಿಲ್ಲೋನು, ಎರಡು ಪುಟ್ಟ ಪಾದ ಮಾತ್ರ ಹೊರಗೆ ಕಾಣೋವು, ಕರ್ಟನ್ ಸ್ವಲ್ಪ ಅಲ್ಲಾಡೋದು, ಅವನು ಏನ್ ಮಾಡ್ತಿದಾನೆ ಅಂತ ಎಲ್ಲರಿಗೂ ಗೊತ್ತು. ಅವರಮ್ಮ ಇದೇನು ಕೆಟ್ಟ ಚಟ ಅಂತ ಬೈಯೋರು. ನಾನು ಹೇಳ್ದೆ, ಅಯ್ಯೋ ಬೈಬೇಡ್ರಿ, ಬರೋಕೆ ಮುಂಚೆ ಗೊತ್ತಾಗತ್ತೆ, ಒಂದು ಜಾಗ ಹುಡುಕ್ಕೊಂಡು ಹೋಗೋ ತನಕ ತಡ್ಕೊಳಕ್ಕೂ ಆಗತ್ತೆ ಅಂದ್ರೆ ಮುಕ್ಕಾಲು ಪಾಠ ಅವನೇ ಕಲ್ತಿದಾನೆ ಅಂತರ್ಥ. ಪಾಟಿ, ಅಂದ್ರೆ ಮಕ್ಕಳು ಕೂತು ಹೋಗೋ ಪುಟ್ಟ ಸೀಟು, ತಗೊಂಡೋಗಿ ಕರ್ಟನ್ ಹಿಂದೆನೇ ಇಟ್ವಿ. ಮೊದಮೊದಲು ಡೈಪರ್ ಹಾಕ್ಕೊಂಡೇ ಅದರ ಮೇಲೆ ಕೂತ, ಆಮೇಲೆ ಡೈಪರ್ ಬಿಟ್ಟ, ಆಮೇಲೆ ಪಾಟಿ ದಿನಾ ಒಂದಿಷ್ಟು ಬಚ್ಚಲಿನ ಕಡೆ ಸರೀತು.

ಮೂತ್ರಕೋಶ ಎಷ್ಟು ಹಿಡಿಯತ್ತೆ ಅನ್ನೋದಕ್ಕೆ ಡಾಕ್ಟರ್‌ಗಳ ಹತ್ರ ಒಂದು ಸುಲಭದ ಲೆಕ್ಕ ಇದೆ, ವಯಸ್ಸಿಗೆ ಎರಡು ಕೂಡಿ 30ರಿಂದ ಗುಣಿಸಿ. ಎರಡು ವರ್ಷದ ಮಗುಗೆ 120 ಎಂಎಲ್. ಅಂದ್ರೆ ಹೋಟೆಲಿನ ಒಂದು ಲೋಟ ಕಾಫಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈಗಷ್ಟೇ ಹೋಗಿ ಬಂದ್ಯಲ್ಲ ಮತ್ತೆ ಯಾಕೆ ಅಂತ ಗದರೋರು ಇದನ್ನ ನೆನಪಿಟ್ಕೋಬೇಕು.

ಬೇಗ ಬೇಗ ಒತ್ತಾಯ ಮಾಡಿದ್ರೆ ಬೇಗ ಮುಗಿಯತ್ತಾ? ಅದನ್ನೂ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋಡಿದ್ದಾರೆ, 2003ರಲ್ಲಿ ಪ್ರಕಟ ಆಗಿದ್ದು. ಇಪ್ಪತ್ತೇಳು ತಿಂಗಳಿಗೆ ಮುಂಚೆ ದಿನಕ್ಕೆ ಮೂರ್ಮೂರು ಸಲಕ್ಕಿಂತ ಜಾಸ್ತಿ ಕೇಳಿ ಕೇಳಿ ಪಟ್ಟು ಹಿಡಿದು ಕಲಿಸಿದ ಮಕ್ಕಳು ಬೇರೆಯವರಿಗಿಂತ ಬೇಗ ಏನೂ ಮುಗಿಸಲಿಲ್ಲ, ಕಲಿಯೋ ಕಾಲ ಮಾತ್ರ ಉದ್ದ ಆಯ್ತು. ಹಾಗಂತ ಬೇಗ ಶುರು ಮಾಡಿದ್ದಕ್ಕೇ ಮಲಬದ್ಧತೆ ಬಂತು ಅಂತಾನೂ ಅವರಿಗೆ ಕಾಣಲಿಲ್ಲ. ಸೋ ಆ ಹಿರಿಯರೂ ಸಮಾಧಾನವಾಗಿರಬಹುದು, ಡಾಕ್ಟರೂ ಸಮಾಧಾನವಾಗಿರಬಹುದು.

ಈಗ ನಾನು ಈ ಪತ್ರ ಬರೆಯೋಕೆ ನಿಜವಾದ ಕಾರಣಕ್ಕೆ ಬರ್ತೀನಿ. ವಯಸ್ಸು ಯಾವುದು ಅಂತ ಅಜ್ಜಿಯೂ ಡಾಕ್ಟರೂ ಜಗಳ ಆಡ್ತಿರೋವಾಗ, ಅದನ್ನ ನಿರ್ಧಾರ ಮಾಡ್ತಿರೋದು ಮೂರನೇಯವರು, ಪ್ರೀ ಸ್ಕೂಲ್‌ನವರು. ಎರಡೂವರೆ ವರ್ಷಕ್ಕೆ ಪ್ಲೇ ಗ್ರೂಪ್, ಮೂರಕ್ಕೆ ನರ್ಸರಿ. ಅಡ್ಮಿಷನ್ ಫಾರ್ಮಲ್ಲಿ ಒಂದು ಕಾಲಂ ಇರತ್ತೆ, ಮಗು ಪಾಟಿ ಟ್ರೇನ್ಡ್ ಆಗಿದೆಯಾ, ಹೌದು ಅಥವಾ ಇಲ್ಲ. ಇಲ್ಲ ಅಂತ ಟಿಕ್ ಹಾಕಿದ್ರೆ, ಮೇಡಂ ಜೂನ್ ಒಳಗೆ ಮಾಡ್ಸಿಬಿಡಿ, ನಮ್ಮಲ್ಲಿ ಡೈಪರ್ ಅಲೋ ಇಲ್ಲ ಅಂತಾರೆ. ಫೀಸ್ ನೋಡಿದ್ರೆ ಇಂಜಿನಿಯರಿಂಗ್ ಕಾಲೇಜಿಂದು ನೆನಪಾಗತ್ತೆ, ಮಗು ಚಡ್ಡಿ ತೊಳೆಯೋಕೆ ಮಾತ್ರ ಅಲ್ಲಿ ಜನ ಇಲ್ಲ. ಅಮ್ಮಂದಿರು ಮಾರ್ಚಲ್ಲಿ ಫೀಸ್ ಕಟ್ಟಿ ಏಪ್ರಿಲಲ್ಲಿ ಗಾಬರಿ ಬೀಳ್ತಾರೆ. ಹತ್ತು ತಿಂಗಳು ದೊಡ್ಡ ಮಗುಗೂ ಚಿಕ್ಕ ಮಗುಗೂ ಒಂದೇ ತಾರೀಕು, ಜೂನ್ ಒಂದು.

ಅದೂ ಜೂನ್! ಮಲೆನಾಡಲ್ಲಿ ಜೂನ್ ಅಂದ್ರೆ ಏನು ಅಂತ ಆ ಫಾರ್ಮ್ ಮಾಡಿದೋರಿಗೆ ಗೊತ್ತಿಲ್ಲ ಅನ್ಸತ್ತೆ, ಅದು ಯಾವ ಊರಲ್ಲೋ ಪ್ರಿಂಟಾಗಿ ಬರೋ ಫ್ರಾಂಚೈಸಿ ಫಾರ್ಮು. ಮಳೆ ಹಿಡ್ಕೊಂಡ್ರೆ ವಾರಗಟ್ಟಲೆ ಬಟ್ಟೆ ಒಣಗಲ್ಲ, ಚಡ್ಡಿಗಳನ್ನ ಬಚ್ಚಲೊಲೆ ಹತ್ರ ಹಗ್ಗ ಕಟ್ಟಿ ಒಣಗಿಸ್ತೀವಿ, ಹೊಗೆ ವಾಸನೆ ಹೊಡೀತವೆ. ಚಳಿಗೆ ಬೆವರು ಕಮ್ಮಿ, ಮಕ್ಕಳು ಪದೇ ಪದೇ ಒಂದಕ್ಕೆ ಹೋಗ್ತವೆ, ದೊಡ್ಡೋರೂ ಹೋಗ್ತೀವಿ. ಅದರ ಜೊತೆ ಹೊಸ ಜಾಗ, ಹೊಸ ಮಿಸ್ಸು, ಅಮ್ಮ ಬಿಟ್ಟು ಹೋದ ದುಃಖ, ಶೂ ಸಾಕ್ಸು, ಬೆಲ್ಟಿರೋ ಯೂನಿಫಾರಂ ಪ್ಯಾಂಟು. ಆ ಬೆಲ್ಟು ಬಿಚ್ಚೋಕೆ ನಂಗೇ ಎರಡು ಕೈ ಸಾಲಲ್ಲ. ಮನೇಲಿ ಪೂರ್ತಿ ಕಲ್ತಿದ್ದ ಮಗುವೇ ಆ ಮೊದಲ ತಿಂಗಳು ಮಾಡ್ಕೊಂಡ್ಬಿಡತ್ತೆ, ಅದು ಸಹಜ, ಹೊಸ ಪಾಪು ಹುಟ್ಟಿದ ಮನೇಲೂ ಹಾಗೇ ಆಗತ್ತೆ, ಸ್ವಲ್ಪ ದಿನಕ್ಕೆ ಸರಿಹೋಗತ್ತೆ. ಕಲಿಸೋಕೆ ಒಳ್ಳೆ ಕಾಲ ಅಂದ್ರೆ ಏಪ್ರಿಲ್ ಮೇ. ಬರೀ ಉಡಿದಾರದಲ್ಲಿ ಬಿಟ್ರೂ ಆಯ್ತು, ಕಾಟನ್ ಚಡ್ಡಿ ಹಾಕಿದ್ರೂ ಅರ್ಧ ಗಂಟೇಲಿ ಒಣಗತ್ತೆ, ನೆಲ ಸಿಮೆಂಟಿಂದಾದ್ರೆ ಇನ್ನೂ ಸಲೀಸು. ಆದ್ರೆ ಮಗು ಆ ಬೇಸಿಗೆಗೆ ತಯಾರಾಗಿದ್ರೆ ಮಾತ್ರ. ಆಗಿಲ್ಲ ಅಂದ್ರೆ ದೀಪಾವಳಿ ಕಳೀಲಿ, ಏನ್ ಮುಳುಗೋಗಲ್ಲ.

ಗಾಬರಿ ಬಿದ್ದು ಒಂದು ತಿಂಗಳಲ್ಲಿ ಮಾಡ್ಸೋಕೆ ಹೋದ್ರೆ ಏನಾಗತ್ತೆ ಅಂತ ಹೇಳ್ತೀನಿ, ಇದು ಮಾತ್ರ ದಯವಿಟ್ಟು ಪೂರ್ತಿ ಹಾಕಿ. ಒಂದಕ್ಕೆ ಕಲಿಯೋದರಲ್ಲಿ ತಪ್ಪಾದ್ರೆ ನೆಲ ಒರೆಸಿದ್ರೆ ಮುಗೀತು. ಎರಡಕ್ಕೆ ಹೋಗೋದರಲ್ಲಿ ಹೆದರಿಕೆ ಹುಟ್ಟಿದ್ರೆ ವರ್ಷಗಟ್ಟಲೆ ಅನುಭವಿಸ್ಬೇಕು. ಮಗುಗೆ ಒಂದ್ಸಲ ಗಟ್ಟಿಯಾಗಿ ಹೋಗಿ ನೋವಾಗಿರತ್ತೆ, ಇಲ್ಲಾ ಯಾರೋ ಹೋಗೋ ತನಕ ಏಳಬೇಡ ಅಂತ ಕೂರಿಸಿ ಗದರಿರ್ತಾರೆ. ಮುಂದಿನ ಸಲ ಬಂದಾಗ ಅದು ಬಿಗಿ ಹಿಡಿಯತ್ತೆ. ನಾನು ಎಷ್ಟೋ ಮಕ್ಕಳಲ್ಲಿ ನೋಡಿದೀನಿ, ಮಗು ಎದ್ದು ಗೋಡೆ ಹಿಡ್ಕೊಂಡು ತುದಿಗಾಲಲ್ಲಿ ನಿಲ್ಲತ್ತೆ, ಎರಡು ಕಾಲು ಕತ್ತರಿ ಹಾಕ್ಕೊಳತ್ತೆ, ಮುಖ ಕೆಂಪಾಗತ್ತೆ, ಮೈ ಬಿಲ್ಲಿನ ಥರ ಸೆಟೆಯತ್ತೆ. ನೋಡೋರು ಪಾಪ ತಿಣುಕ್ತಾ ಇದೆ, ಬರ್ತಿಲ್ಲ ಅನ್ಕೋತಾರೆ. ಉಲ್ಟಾ, ಅದು ಬರದೇ ಇರಲಿ ಅಂತ ತಡೀತಿರೋದು. ತಡೆದಷ್ಟೂ ಕರುಳು ನೀರು ಹೀರ್ಕೊಂಡು ಮಲ ಇನ್ನೂ ಗಟ್ಟಿಯಾಗತ್ತೆ, ಇನ್ನೂ ನೋವು, ಇನ್ನೂ ತಡೆಯೋದು. ಕೊನೆಗೆ ಒಳಗೆ ಗಟ್ಟಿ ಕೂತು ಅದರ ಪಕ್ಕದಿಂದ ನೀರು ನೀರಾಗಿ ಚಡ್ಡಿಗೆ ಸೋರೋಕೆ ಶುರುವಾಗತ್ತೆ, ಮಗುಗೆ ಅದು ಗೊತ್ತೂ ಆಗಲ್ಲ. ಆಗ ಮನೆಯೋರು ಭೇದಿ ಅನ್ಕೊಂಡು ಹಣ್ಣು ತರಕಾರಿ ನಿಲ್ಲಿಸಿ ಬರೀ ಗಂಜಿ ಕೊಡ್ತಾರೆ, ಕೆಲವರು ಭೇದಿ ನಿಲ್ಲೋ ಔಷಧಿನೂ ಕೊಡ್ತಾರೆ, ಬೆಂಕಿಗೆ ತುಪ್ಪ ಸುರಿದಂಗೆ. ಸ್ಕೂಲಲ್ಲಿ ಇಷ್ಟು ದೊಡ್ಡೋನಾಗಿ ಚಡ್ಡೀಲಿ ಮಾಡ್ಕೋತಾನೆ ಅಂತ ಆಡ್ಕೋತಾರೆ.

ಇಂಥ ಮಗುಗೆ ಟ್ರೇನಿಂಗ್ ಬೇಕಿಲ್ಲ, ಡಾಕ್ಟರು ಬೇಕು. ಮಲ ಮೆತ್ತಗೆ ಮಾಡೋ ಸಿರಪ್ಪೋ ಪುಡಿಯೋ ಕೊಡ್ತಾರೆ, ಅದನ್ನ ನಾಲ್ಕು ದಿನ ಕೊಟ್ಟು ನಿಲ್ಲಿಸೋದಲ್ಲ, ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗತ್ತೆ, ಅಭ್ಯಾಸ ಆಗ್ಬಿಡತ್ತೆ ಅಂತ ಹೆದರಿ ಮಧ್ಯ ನಿಲ್ಲಿಸಿ ಮತ್ತೆ ಮೊದಲಿಗೇ ಬರೋರೇ ಜಾಸ್ತಿ. ಅಷ್ಟು ದಿನ ಪಾಟಿ ಗೀಟಿ ಎಲ್ಲ ಪಕ್ಕಕ್ಕಿಟ್ಟು ಡೈಪರ್‌ಗೇ ವಾಪಸ್ ಹೋದ್ರೂ ಅವಮಾನ ಏನಿಲ್ಲ. ಹಾಲಿನ ಬಾಟಲು ಒಂದು ನೋಡ್ಕೊಳಿ, ಎರಡು ವರ್ಷದ ಮಗುಗೆ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಬೇಡ, ನಮ್ಮಲ್ಲಿಗೆ ಬರೋ ಕೆಲವು ಮಕ್ಕಳು ಅದರ ಎರಡರಷ್ಟು ಕುಡಿದು ಅನ್ನ ಸಾರು ಮುಟ್ಟಲ್ಲ, ಆಮೇಲೆ ಎರಡಕ್ಕೆ ಹೋಗಲ್ಲ ಅಂತ ಕಂಪ್ಲೇಂಟು. ಪಪ್ಪಾಯ, ಸೊಪ್ಪು, ಕಾಳು, ನೀರು, ಇಷ್ಟೇ.

ಇನ್ನು ಆ ಟಾಯ್ಲೆಟ್ಟುಗಳ ವಿಷಯ. ಟ್ರೇನ್ಡ್ ಮಗು ಕೇಳೋ ಸ್ಕೂಲುಗಳ ಟಾಯ್ಲೆಟ್ ಒಳಗೆ ಒಂದ್ಸಲ ಬಗ್ಗಿ ಮೂರು ವರ್ಷದ ಮಗುವಿನ ಎತ್ತರದಿಂದ ನೋಡಿ. ಇಂಡಿಯನ್ ಆದ್ರೆ ಆ ಗುಂಡಿ ಮಗುವಿನ ಕಾಲಿನ ಅಳತೆಗೆ ಎಷ್ಟು ದೊಡ್ಡದು, ಬೀಳ್ತೀನಿ ಅಂತ ಅಳೋದು ಹಠ ಅಲ್ಲ, ನಿಜವಾದ ಭಯ. ವೆಸ್ಟರ್ನ್ ಆದ್ರೆ ಕಾಲು ಗಾಳೀಲಿ ನೇತಾಡತ್ತೆ. ಕಾಲಿಗೆ ಆಧಾರ ಇಲ್ದಿದ್ರೆ ಕೆಳಗಿನ ಮಾಂಸಖಂಡ ಸಡಿಲ ಆಗಲ್ಲ, ಎರಡಕ್ಕೆ ಹೋಗೋಕಾಗಲ್ಲ, ನೀವೇ ಎತ್ತರದ ಸ್ಟೂಲ್ ಮೇಲೆ ಕಾಲು ಇಳಿಬಿಟ್ಟು ಕೂತು ನೋಡಿ. ಒಂದು ಮರದ ಮಣೆ ಕಾಲ ಕೆಳಗಿಟ್ಟು ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರೋ ಹಾಗೆ ಮಾಡಿದ್ರೆ ಸಾಕು, ಅಷ್ಟಕ್ಕೆ ಲಕ್ಷ ರೂಪಾಯಿ ಇಂಟೀರಿಯರ್ ಬೇಕಿಲ್ಲ. ಲೈಟ್ ಸ್ವಿಚ್ಚು ಕೈಗೆ ಎಟುಕಲ್ಲ, ಬಾಗಿಲು ಚಿಲಕ ಭಾರ, ಫ್ಲಶ್ ಸದ್ದು ಕೇಳಿದ್ರೆ ಕೆಲವು ಮಕ್ಕಳು ಕಿವಿ ಮುಚ್ಕೊಂಡು ಓಡ್ತವೆ. ಇನ್ನು ಮಿಸ್ ಹತ್ರ ಕೇಳ್ಬೇಕು, ಅದೂ ಇಂಗ್ಲಿಷಲ್ಲಿ ಕೇಳ್ಬೇಕು ಅನ್ನೋ ಸ್ಕೂಲುಗಳಿವೆ, ಆ ಸೆಂಟೆನ್ಸ್ ಹೇಳಿ ಮುಗಿಸೋದ್ರೊಳಗೆ ಆಗೋದು ಆಗಿರತ್ತೆ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೀಬೇಕು, ಇಲ್ಲಾಂದ್ರೆ ಉರಿಮೂತ್ರ ಬರತ್ತೆ ಅಂತ ಎಷ್ಟು ಆಯಾಗಳಿಗೆ ಯಾರಾದ್ರೂ ಹೇಳ್ಕೊಟ್ಟಿದಾರೆ?

ಇದರ ಮುಂದೆ ನಮ್ಮ ಅಂಗನವಾಡಿ ಎಷ್ಟೋ ವಾಸಿ ಅಂತೀನಿ ನಾನು. 1975ರ ಅಕ್ಟೋಬರ್ 2ಕ್ಕೆ ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ ಶುರುವಾಗಿದ್ದು ಅದು, ಐವತ್ತು ವರ್ಷ ಆಯ್ತು. ಮೂರು ವರ್ಷದ ಮಗುನ ಕರ್ಕೊಂಡು ಹೋದ್ರೆ ಚಡ್ಡೀಲಿ ಮಾಡ್ಕೊಳತ್ತಾ ಅಂತ ಯಾರೂ ಫಾರ್ಮ್ ತುಂಬಿಸಲ್ಲ, ಮಾಡ್ಕೊಂಡ್ರೆ ಸಹಾಯಕಿ ತೊಳೀತಾರೆ, ಅಷ್ಟೇ. ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ, ಟಾಯ್ಲೆಟ್ ಇದ್ರೆ ನೀರಿಲ್ಲ, ನೀರಿದ್ರೆ ಒಳಗೆ ಸೌದೆ ಪೊರಕೆ ತುಂಬಿರತ್ತೆ, ಮಕ್ಕಳು ಹೊರಗೆ ಕಟ್ಟೆ ಪಕ್ಕ ಹೋಗ್ತವೆ. ಅಡುಗೆ ಮಾಡೋದೂ ಅದೇ ಸಹಾಯಕಿ, ಮಕ್ಕಳನ್ನ ಮನೆಯಿಂದ ಕರ್ಕೊಂಡು ಬರೋದೂ ಅದೇ ಸಹಾಯಕಿ, ತೊಳೆಯೋದೂ ಅವಳೇ, ಕೊಡೋದು ಗೌರವಧನ. ಅವಳಿಗೆ ಕೊಡೋ ದುಡ್ಡು ಜಾಸ್ತಿ ಮಾಡಿ ಮಕ್ಕಳ ಅಳತೆಯ ಒಂದು ಕಕ್ಕಸು, ಪಕ್ಕದಲ್ಲೊಂದು ತಗ್ಗು ನಲ್ಲಿ ಹಾಕಿಸಿದ್ರೆ ಊರಿನ ಅರ್ಧ ಮಕ್ಕಳ ಟಾಯ್ಲೆಟ್ ಟ್ರೇನಿಂಗ್ ಅಲ್ಲೇ ಆಗೋಗತ್ತೆ, ಒಂದು ಮಗು ಕೂತಿದ್ದು ನೋಡಿ ಇನ್ನೊಂದು ಕೂರತ್ತೆ. ನಮ್ಮಲ್ಲೂ ಹಾಗೇ ಆಗೋದು.

ರಾತ್ರಿ ಹಾಸಿಗೆ ಒದ್ದೆ ಮಾಡೋದು ಬೇರೆ ವಿಷಯ, ಅದನ್ನ ಇದಕ್ಕೆ ಸೇರಿಸ್ಬೇಡಿ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹದಿನೈದು ಇನ್ನೂ ಹಾಸಿಗೆ ಒದ್ದೆ ಮಾಡ್ತವೆ, ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಇದ್ದಿದ್ರೆ ಮಕ್ಕಳಿಗೂ ಇರೋದು ಜಾಸ್ತಿ, ಅಜ್ಜಿಯನ್ನ ಕೇಳಿದ್ರೆ ಅಪ್ಪನ ಗುಟ್ಟು ಹೊರಬರತ್ತೆ. ಅದಕ್ಕೆ ಮದ್ದು ಅಂತ ಎಳ್ಳುಂಡೆ ತಿನ್ಸೋರು ತಿನ್ಸಲಿ, ಮಗು ಖುಷಿಯಾಗಿ ತಿನ್ನತ್ತೆ. ಆದ್ರೆ ಚಮಚ ಕಾಯಿಸಿ ಬರೆ ಹಾಕ್ತೀನಿ ಅಂತ ಹೆದರಿಸೋದು, ಒದ್ದೆ ಹಾಸಿಗೆನ ರಸ್ತೆ ಕಡೆ ಕಾಂಪೌಂಡ್ ಮೇಲೇ ಒಣಗಿಹಾಕಿ ಎಲ್ಲರಿಗೂ ತೋರಿಸೋದು ಮಾತ್ರ ಇನ್ನಾದ್ರೂ ನಿಲ್ಲಲಿ.

ಡೈಪರ್ ಹಾಕೋರಿಗೂ ಒಂದು ಮಾತು, ನಾನೂ ಡೇ ಕೇರ್‌ನಲ್ಲಿ ಹಾಕ್ತೀನಿ, ಅದರ ವಿರೋಧಿ ಅಲ್ಲ, ಒಂದಕ್ಕೆ ಹತ್ತು ರೂಪಾಯಿ ಆಸುಪಾಸು ಕೊಟ್ಟು ತರ್ತಾರೆ, ಕೆಲಸಕ್ಕೆ ಹೋಗೋ ಹೆಂಗಸಿಗೆ ಅದು ದೊಡ್ಡ ಅನುಕೂಲ. ಆದ್ರೆ ಒಳಗಿರೋದನ್ನ ಟಾಯ್ಲೆಟ್ಟಿಗೆ ಹಾಕಿ, ಆಮೇಲೆ ಪೇಪರಲ್ಲಿ ಸುತ್ತಿ ಬೇರೆ ಕೊಡಿ. 2016ರ ಘನತ್ಯಾಜ್ಯ ನಿಯಮದಲ್ಲೇ ಸುತ್ತಿ ಕೊಡ್ಬೇಕು, ಸುತ್ತೋಕೆ ಕವರ್ ಕಂಪನಿಯೋರೇ ಕೊಡ್ಬೇಕು ಅಂತ ಇತ್ತು, ಆ ಕವರ್ ಎಷ್ಟು ಪ್ಯಾಕೆಟ್ಟಲ್ಲಿ ಬರತ್ತೋ ನೀವೇ ನೋಡಿ. ಬೆಂಗಳೂರಲ್ಲಿ ಪೇಪರ್ ಮೇಲೆ ಕೆಂಪು ಗುರುತು ಹಾಕಿ ಕೊಡಿ ಅಂತ ಹೇಳ್ಕೊಟ್ಟಿದಾರೆ, ನಮ್ಮೂರಲ್ಲಿ ಇನ್ನೂ ಹಸಿ ಕಸದ ಬಕೆಟ್ಟಿಗೇ ಎಸೀತಾರೆ. ಬೆಳಿಗ್ಗೆ ಗಾಡಿ ಬಂದಾಗ ಅದನ್ನ ಕೈಯಲ್ಲಿ ಬೇರೆ ಮಾಡೋದು ಪೌರಕಾರ್ಮಿಕರು. ನಮ್ಮ ಮಗುದು ನಮಗೇ ಮುಟ್ಟೋಕೆ ಅಸಹ್ಯ, ಅವರು ಮುಟ್ಬೇಕಾ?

ಕೊನೆಗೆ ಆ ಫಾರ್ಮಿನ ಕಾಲಂ ವಿಷಯ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಮೂರು ವರ್ಷದ ಮಗುನ ಈ ಕಾರಣಕ್ಕೆ ಬೇಡ ಅಂದ್ರೆ ಕೇಳೋರಿಲ್ಲ. ಬೆಳವಣಿಗೆ ನಿಧಾನ ಇರೋ ಮಕ್ಕಳು, ಡೌನ್ ಸಿಂಡ್ರೋಮ್ ಇರೋ ಮಕ್ಕಳು, ಆಟಿಸಂ ಇರೋ ಮಕ್ಕಳು ಇದನ್ನ ಕಲಿಯೋಕೆ ಸಹಜವಾಗೇ ಜಾಸ್ತಿ ಕಾಲ ತಗೋತವೆ, ನಾಲ್ಕೋ ಐದೋ ವರ್ಷಾನೂ ಆಗ್ಬಹುದು. ಬೇರೆ ಮಕ್ಕಳ ಜೊತೆ ಬೆರೆಯೋದು ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವರನ್ನೇ ಈ ಒಂದು ಟಿಕ್ ಮಾರ್ಕ್ ಗೇಟಲ್ಲೇ ನಿಲ್ಲಿಸತ್ತೆ. ಇಲ್ಲ ಅಂತ ಬಾಯಿಬಿಟ್ಟು ಹೇಳೋದೂ ಇಲ್ಲ, ಸೀಟ್ ಫುಲ್ ಆಗಿದೆ ಅಂತಾರೆ. ಹೌದು ಇಲ್ಲ ಅಂತ ಕೇಳೋ ಬದಲು ನಿಮ್ಮ ಮಗು ಮನೇಲಿ ಯಾವ ಹೊತ್ತಿಗೆ ಹೋಗತ್ತೆ, ಬಂದಾಗ ಏನಂತ ಹೇಳತ್ತೆ, ಯಾವುದಕ್ಕೆ ಹೆದರತ್ತೆ ಅಂತ ಮೂರು ಪ್ರಶ್ನೆ ಕೇಳಿ, ಎರಡು ಜೊತೆ ಎಕ್ಸ್‌ಟ್ರಾ ಚಡ್ಡಿ ಬ್ಯಾಗಲ್ಲಿ ಕಳಿಸಿ ಅಂತ ಬರೀರಿ, ಒಬ್ಬ ಆಯಾಗೆ ಇದೇ ಕೆಲಸ ಕೊಟ್ಟು ಸರಿಯಾಗಿ ಸಂಬಳ ಕೊಡಿ. ಇಷ್ಟನ್ನ ಶಿಕ್ಷಣ ಇಲಾಖೆಯವರೋ ಮಹಿಳಾ ಮತ್ತು ಮಕ್ಕಳ ಇಲಾಖೆಯವರೋ ಒಂದು ಸುತ್ತೋಲೆ ಹೊರಡಿಸಿ ಹೇಳಬಹುದು, ಅಡ್ಮಿಷನ್ ಶುರುವಾಗೋಕೆ ಮುಂಚೆ.

ಪತ್ರ ಜಾಗ ಮೀರಿದೆ ಅಂತ ನಂಗೂ ಗೊತ್ತು ಸಂಪಾದಕರೇ. ಕತ್ತರಿ ಹಾಕ್ಬೇಕು ಅಂದ್ರೆ ಅಮೆರಿಕದ ಪ್ಯಾರಾ ತೆಗೀರಿ, ಹಿರಿಯರನ್ನ ಕೆಣಕಿದ್ದೂ ತೆಗೀರಿ, ಪರವಾಗಿಲ್ಲ. ಮಲಬದ್ಧತೆದು ಮಾತ್ರ ಬಿಡ್ಬೇಡಿ.

ಇತಿ ನಿಮ್ಮ ಓದುಗಾರ್ತಿ,
ಒಬ್ಬ ಡೇ ಕೇರ್ ಆಂಟಿ, ಶಿವಮೊಗ್ಗ